ಕೆರೆಗೆ ಬಂದ ಅತಿಥಿಗೆ ಊಟ ಯಾರದು?



ರಾಯದುರ್ಗ, ಆದವಾನಿ ಸೀಮೆಯ ನಮಗೆ ಕೆರೆ ಎಂದರೆ ನೆನಪಾಗುವುದು ಗದ್ದೆಯ ನೀರು, ದನಕರುಗಳ ಬಾಯಾರಿಕೆ. ಅದೇ ಕೆರೆ ದೂರದೇಶದ ಹಕ್ಕಿಗಳಿಗೆ ಛತ್ರವೂ ಹೌದು. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ ಇದಕ್ಕೆ ಸಾಕ್ಷಿ.

ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲೆಂದು ಜನರೇ ಕಟ್ಟಿದ, ಸುಮಾರು 54 ಹೆಕ್ಟೇರಿನ ಕೆರೆ ಇದು. ಚಳಿಗಾಲದಲ್ಲಿ ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬಂದಿಳಿಯುತ್ತವೆ. ಈ ಜಾತಿಯ ಹಕ್ಕಿ 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ದಕ್ಷಿಣ ಭಾರತದಲ್ಲಿ ಇವು ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಮಾಗಡಿಯೂ ಒಂದು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳನ್ನು ಕಾಪಾಡಲು 1971ರಲ್ಲಿ ಇರಾನಿನ ರಾಮ್ಸಾರ್ ನಗರದಲ್ಲಿ ಒಂದು ಒಪ್ಪಂದವಾಯಿತು. 2024ರ ಜನವರಿಯಲ್ಲಿ ಆ ಪಟ್ಟಿಗೆ ಮಾಗಡಿ ಕೆರೆಯೂ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರವೂ ಸೇರಿದವು.

ಸಂತೋಷವೇ. ಆದರೆ ಈ ಅತಿಥಿಗಳಿಗೆ ಊಟ ಎಲ್ಲಿಂದ? ಹೆಬ್ಬಾತು ಹಗಲಿನಲ್ಲಿ ಕೆರೆಯಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಸುತ್ತಲ ಹೊಲಗಳಿಗೆ ಇಳಿದು ಎಳೆ ಪೈರು, ಕಾಳು ಮೇಯುತ್ತದೆ. ನೋಡಲು ಬಂದವರು ಫೋಟೋ ತೆಗೆದುಕೊಂಡು ಮರಳುತ್ತಾರೆ. ನಷ್ಟ ಮಾತ್ರ ಹೊಲದವನ ಪಾಲಿಗೆ. ಲೋಕಕ್ಕೆಲ್ಲ ಬೇಕಾದ ಹಕ್ಕಿಯನ್ನು ಬಡ ರೈತನೊಬ್ಬನೇ ಸಾಕಬೇಕೆಂಬುದು ನ್ಯಾಯವಲ್ಲ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಗೂಡು ಕಟ್ಟುವ ಮರಗಳ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಕ್ರಮ ತಂದಿತು. ಹಕ್ಕಿ ಮೇಯ್ದ ಹೊಲಕ್ಕೂ ಅಂಥ ಏರ್ಪಾಡು, ಅಲೆದಾಟವಿಲ್ಲದೆ, ದೊರೆಯಬೇಕು. ಹಸಿದ ಮನೆಯವನಿಗೆ ಬರಿಯ ಉಪದೇಶ ಮಾಡಿ ಹಕ್ಕಿಯನ್ನು ಉಳಿಸಲಾಗದು ಎಂಬುದು ನಮ್ಮ ಅಭಿಪ್ರಾಯ.

ನಮ್ಮೂರ ಕೆರೆಗಳ ವಿಷಯದಲ್ಲಿ ನಾವು ಮಾಡಬೇಕಾದದ್ದೂ ಉಂಟು. ಔಷಧಿ ಹೊಡೆದ ಪಂಪು, ಡಬ್ಬಿಗಳನ್ನು ಕೆರೆಯಲ್ಲಿ ತೊಳೆಯಬಾರದು. ಆ ನೀರನ್ನೇ ನಮ್ಮ ದನ ಕುಡಿಯುತ್ತದೆ, ಅದರ ಮೀನು ನಮ್ಮ ತಟ್ಟೆಗೇ ಬರುತ್ತದೆ. ಸತ್ತ ಹಕ್ಕಿಗಳು ಕಂಡರೆ ಬರಿಗೈಯಿಂದ ಮುಟ್ಟದೆ, ತಡಮಾಡದೆ ಪಶುವೈದ್ಯರಿಗೆ ತಿಳಿಸಬೇಕು. 2019ರಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಬಾಟ್ಯುಲಿಸಂ ಎಂಬ ವಿಷಬಾಧೆಗೆ ಸಾವಿರಾರು ಹಕ್ಕಿಗಳು ಬಲಿಯಾದವು. ಸತ್ತವುಗಳನ್ನು ಬೇಗ ತೆಗೆಯದಿದ್ದರೆ ಇಂಥ ಬಾಧೆ ಹೆಚ್ಚುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಕೆರೆಯ ಅಂಗಳದ ಒತ್ತುವರಿ ನಿಲ್ಲಲಿ. ಕೆರೆ ಬತ್ತಿದರೆ ಹಕ್ಕಿ ಬೇರೆ ಕೆರೆಗೆ ಹಾರಿ ಹೋದೀತು. ನಮ್ಮ ಬಾವಿಗಳಿಗೆ ಬೇರೆ ಕೆರೆ ಎಲ್ಲಿದೆ?