ಡಬ್ಬಿಯಲ್ಲಿಟ್ಟರೆ ಬೀಜ ಉಳಿಯದು

‘ಕುಂಬಳಕಾಯಿ ಕಳ್ಳ’ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆ ಕನ್ನಡದಲ್ಲೂ ಉಂಟು, ತೆಲುಗಿನಲ್ಲೂ ಉಂಟು. ಇದನ್ನೋದಿ ಯಾರಾದರೂ ಹೆಗಲು ಮುಟ್ಟಿಕೊಂಡರೆ ನಮಗೆ ಸಂತೋಷವೇ.

1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ರಾಯಚೂರು, ಕಲಬುರ್ಗಿ, ಬೀದರಗಳಿಂದ ಬಂದು ಇಲ್ಲಿ ನೆಲೆಸಿದ ನಮ್ಮವರು ಅನೇಕರು. ಊರಿಗೆ ಹೋದಾಗ ಅಜ್ಜಿ ಕೊಟ್ಟ ಸಿಹಿಗುಂಬಳದ ಬೀಜವನ್ನು ಭಕ್ತಿಯಿಂದ ತರುತ್ತಾರೆ, ಡಬ್ಬಿಯಲ್ಲಿಟ್ಟು ಮರೆಯುತ್ತಾರೆ. ಗಾರಿಗೆ ಮಾಡುವ ದಿನ ಅಂಗಡಿಯ ಹೋಳೇ ಗತಿ. ಇದು ಉಳಿಸಿದ ಹಾಗಾಯಿತೆ? ಸಾಮಾನ್ಯವಾಗಿ ಕುಂಬಳದ ಬೀಜದ ಆಯುಷ್ಯ ನಾಲ್ಕೈದು ವರ್ಷ. ಆಮೇಲೆ ಪೊಟ್ಟಣದಲ್ಲಿರುವುದು ಬರೀ ಹೊಟ್ಟು.

‘ಜಾಗವೆಲ್ಲಿದೆ ಸ್ವಾಮೀ?’ ಎನ್ನುವವರಿದ್ದಾರೆ. ಮಾಳಿಗೆಯ ಮೇಲೆ ಬಿಸಿಲು ಬೀಳುವೆಡೆ ಒಂದು ದೊಡ್ಡ ತೊಟ್ಟಿ, ಗೊಬ್ಬರ ಬೆರೆಸಿದ ಮಣ್ಣು, ಹಬ್ಬಲು ಒಂದು ಚಪ್ಪರ, ಇಷ್ಟು ಸಾಕು. ಜೂನ್ ಮಳೆಗೆ ಊರಿದರೆ ಸುಮಾರು ನಾಲ್ಕು ತಿಂಗಳಲ್ಲಿ ಕಾಯಿ ಬಲಿಯುತ್ತದೆ.

ಆದರೆ ತಳಿ ಉಳಿಯಬೇಕಾದರೆ ಸ್ವಲ್ಪ ಶ್ರಮವುಂಟು. ನೆರೆಯ ಬಳ್ಳಿಯ ಪರಾಗ ಬಿದ್ದರೆ ಮುಂದಿನ ಬೆಳೆ ಬೇರೆಯೇ ಆದೀತು. ನಾಳೆ ಅರಳುವ ಗಂಡು, ಹೆಣ್ಣು ಮೊಗ್ಗುಗಳ ತುದಿಗೆ ಸಂಜೆಯೇ ದಾರ ಕಟ್ಟಬೇಕು. ಬುಡದಲ್ಲಿ ಪುಟ್ಟ ಕಾಯಿ ಇರುವುದೇ ಹೆಣ್ಣು. ಬೆಳಿಗ್ಗೆ ಬಿಸಿಲೇರುವ ಮೊದಲು ಬಿಚ್ಚಿ, ಗಂಡುಹೂವಿನ ಪರಾಗ ಸವರಿ, ಹೆಣ್ಣುಹೂವನ್ನು ಮತ್ತೆ ಕಟ್ಟಬೇಕು. ತೊಟ್ಟು ಒಣಗಿ, ಸಿಪ್ಪೆಗೆ ಉಗುರು ನಾಟದಂತಾದಾಗ ಕೊಯ್ಯಬೇಕು. ಹೈಬ್ರಿಡ್ ಬೀಜಕ್ಕೆ ಈ ಶ್ರಮ ವ್ಯರ್ಥ. ಅದರ ಮಕ್ಕಳು ತಾಯಿಯನ್ನು ಹೋಲುವುದಿಲ್ಲ.

ಫಲ ನಾಲಿಗೆಗೇ ತಿಳಿಯುತ್ತದೆ. ಎಳೆಯ ಹೋಳು ನೀರು ಬಿಟ್ಟು ಗಾರಿಗೆಯ ಹಿಟ್ಟು ಸಡಿಲಾಗುತ್ತದೆ, ಎಣ್ಣೆ ಕುಡಿಯುತ್ತದೆ. ಚೆನ್ನಾಗಿ ಬಲಿತ ಕಾಯಿಯ ತುರಿಯನ್ನು ಬೆಲ್ಲದೊಡನೆ ಬೇಯಿಸಿ, ಹಿಡಿಯುವಷ್ಟು ಗೋಧಿಹಿಟ್ಟು ಕಲಸಿ ಕರಿದು ನೋಡಿ! ಕುಡಿ ಪಲ್ಯಕ್ಕಾಯಿತು, ಸಿಪ್ಪೆ ಚಟ್ನಿಗಾಯಿತು. ಮಿಕ್ಕ ಗಂಡುಹೂವುಗಳನ್ನು ಬತುಕಮ್ಮ ಕಟ್ಟುವ ನೆರೆಮನೆಯವರಿಗೆ ಕೊಡಿ. ಅವರ ಹಬ್ಬದಲ್ಲಿ ಗುಮ್ಮಡಿ ಹೂವಿಗೆ ಗೌರವದ ಸ್ಥಾನವುಂಟು.

ಸಿಹಿಗುಂಬಳವೂ ವಲಸೆ ಬಂದದ್ದೇ, ಅಮೆರಿಕಾ ಖಂಡದಿಂದ. ನಮ್ಮ ಹಿರಿಯರು ವರ್ಷ ತಪ್ಪದೆ ಬಿತ್ತಿದ್ದರಿಂದ ನಮ್ಮದಾಯಿತು. ಬಿತ್ತುವುದು ನಿಂತರೆ ನಮ್ಮದಾಗಿ ಉಳಿಯದು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ: ರಾಜ್ಯೋತ್ಸವದಲ್ಲಿ ಒಂದು ಭಾಷಣ ಕಡಿಮೆಯಾಗಲಿ. ಆ ಹೊತ್ತಿನಲ್ಲಿ ಸಂಘದ ಮೇಜಿನ ಮೇಲೆ ಬೀಜದ ಪೊಟ್ಟಣಗಳು ಕೈ ಬದಲಾಗಲಿ. ಒಂದೊಂದರ ಮೇಲೂ ಊರಿನ ಹೆಸರು, ಕೊಯ್ದ ವರ್ಷ ಬರೆದಿರಲಿ.