ಸೇಡಂ ರಸ್ತೆಗೆ ಹದಿನೇಳು ಇಂಚಿನ ಗಾಲಿ ಯಾಕ್ರೀ?

ಅಕ್ಕನ ಮಗ ಸೇಡಂನಿಂದ ಕಾರು ತಂದು ಮನೆ ಮುಂದೆ ನಿಲ್ಲಿಸಿದ. ಅದೇ ಹಳೇ ಸ್ವಿಫ್ಟು, ಕಾಲಿಗೆ ಮಾತ್ರ ಹೊಸ ಚಪ್ಪಲಿ. ಕಪ್ಪು ಅಲಾಯ್ ರಿಮ್ಮು, ಅದರ ಸುತ್ತ ರಬ್ಬರು ಇದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗೆ. “ಮಾಮಾ, ಖರೇ ರೇಸ್ ಗಾಡಿ ಆಗ್ಯಾದ ನೋಡ್ರಿ!” ಅಂದ.

ಮೂರು ವಾರ ಆಗಿತ್ತಷ್ಟೇ. ರಾತ್ರಿ ಶಹಾಬಾದಿನಿಂದ ವಾಡಿಗೆ ಬರುವಾಗ ಒಂದು ತೆಗ್ಗು. ಮುಂದಿನ ಎಡಗಾಲಿಯ ಟೈರಿನ ಪಕ್ಕೆ ಸೀಳಿ, ರಿಮ್ಮಿನ ಅಂಚು ಬಾಗಿ, ಗಾಡಿ ಎಳೆದುಕೊಂಡು ಹೋಯಿತು. ಹಿಂದಿನ ಸೀಟಿನಲ್ಲಿ ನಮ್ಮಕ್ಕ. ಹಿಂದೆ ಸಿಮೆಂಟ್ ಲಾರಿ. ಆ ಡ್ರೈವರ್ ಎಚ್ಚರ ಇದ್ದ, ಅದಕ್ಕೇ ನಾನು ಈವತ್ತು ಸಿಟ್ಟಿನಿಂದ ಬರೀತಾ ಇದೀನಿ. ಇಲ್ಲದಿದ್ದರೆ ಬೇರೆ ಏನೋ ಬರೀಬೇಕಾಗ್ತಿತ್ತು.

ಸಿಟ್ಟು ಹುಡುಗನ ಮೇಲೆ ಅರ್ಧ. ಉಳಿದರ್ಧ “ಸೈಜ್ ಸೇಮ್ ಅದ, ಚಿಂತಿ ಬ್ಯಾಡ” ಅಂತ ಹೇಳಿ ಮಾರಿದವನ ಮೇಲೆ.

ಸೇಮ್ ಅನ್ನೋದು ಸುಳ್ಳಲ್ಲ, ಅದೇ ತಮಾಷೆ. ಮೊದಲಿದ್ದದ್ದು 185/65 ಆರ್15. ಅಂದರೆ ಟೈರಿನ ಅಗಲ 185 ಮಿ.ಮೀ., ಪಕ್ಕೆಯ ಎತ್ತರ ಅದರಲ್ಲಿ ನೂರಕ್ಕೆ 65, ರಿಮ್ಮು 15 ಇಂಚು. ಲೆಕ್ಕ ಹಾಕಿದರೆ ಒಟ್ಟು ವ್ಯಾಸ ಸುಮಾರು 621 ಮಿ.ಮೀ. ಹೊಸದು 205/45 ಆರ್17, ವ್ಯಾಸ 616. ನೂರಕ್ಕೆ ಒಂದೂ ವ್ಯತ್ಯಾಸ ಇಲ್ಲ, ಸ್ಪೀಡೋಮೀಟರ್ ಸರಿಯಾಗೇ ತೋರಿಸುತ್ತೆ. ಆದರೆ ರಿಮ್ಮಿಗೂ ರಸ್ತೆಗೂ ನಡುವೆ ಇದ್ದ ರಬ್ಬರು 120 ಮಿ.ಮೀ.ನಿಂದ 92ಕ್ಕೆ ಇಳಿಯಿತಲ್ಲ, ಅದನ್ನು ಯಾರು ಹೇಳಬೇಕು? ಇನ್ನೊಂದು, ಸೈಜಿನ ಪಕ್ಕದಲ್ಲಿ ಬರೆದಿರೋ ಸಣ್ಣ ನಂಬರು. ಹಳೇದರಲ್ಲಿ 88 ಇತ್ತು, ಅಂದರೆ ಒಂದೊಂದು ಟೈರಿಗೆ 560 ಕಿಲೋ ಭಾರ ಹೊರುವ ತಾಕತ್ತು. ಹೊಸದರಲ್ಲಿ 84, ಅಂದರೆ 500 ಕಿಲೋ. ಕಾರಿನ ತೂಕಕ್ಕೆ ಅದೂ ಸಾಕು, ಒಪ್ಪುತ್ತೇನೆ. ಆದರೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ತೆಗ್ಗಿಗೆ ಬಿದ್ದಾಗ ಬೇಕಾಗೋದು ಆ ಉಳಿಕೆಯೇ. ಇದೇ ಸೈಜಿನಲ್ಲಿ 88 ಬರೆದ ಗಟ್ಟಿ ಟೈರೂ ಸಿಗುತ್ತೆ. ಅದನ್ನೂ ಕೊಡಲಿಲ್ಲ ಪುಣ್ಯಾತ್ಮ.

“ರೇಸಿನವರು ಹಾಕ್ತಾರಲ್ಲ ಮಾಮಾ?” ಯಾವ ರೇಸಿನವರಪ್ಪಾ? 2011ರಿಂದ 2013ರವರೆಗೆ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಫಾರ್ಮುಲಾ ಒನ್ ನಡೆದಾಗ ಆ ಕಾರುಗಳ ರಿಮ್ಮು 13 ಇಂಚು! 2021ರ ತನಕ ಹಾಗೇ ಇತ್ತು, 18 ಇಂಚು ಬಂದದ್ದು 2022ರಲ್ಲಿ. ಮಜ್ದಾದವರ ಮೊದಲ ತಲೆಮಾರಿನ ಮಿಯಾಟಾ, ಟ್ರ್ಯಾಕಿನ ಹುಚ್ಚಿರೋರು ಇವತ್ತಿಗೂ ಹುಡುಕಿ ಕೊಳ್ಳುವ ಪುಟ್ಟ ಸ್ಪೋರ್ಟ್ಸ್ ಕಾರು, 14 ಇಂಚಿನ ಗಾಲಿಯಲ್ಲಿ ಬಂದದ್ದು. ಟ್ರ್ಯಾಕಿನಲ್ಲಿ ಓಡಿಸೋರು ಮೊದಲು ನೋಡೋದು ಬ್ರೇಕಿನ ಕ್ಯಾಲಿಪರ್ ರಿಮ್ಮಿನೊಳಗೆ ಕೂರುತ್ತೋ ಇಲ್ಲವೋ ಅಂತ. ಕೂತರೆ ಆದಷ್ಟೂ ಸಣ್ಣ, ಆದಷ್ಟೂ ಹಗುರ ರಿಮ್ಮು ಸಾಕು. ಗಾಲಿಯ ತೂಕ ಸ್ಪ್ರಿಂಗಿನ ಮೇಲೆ ಕೂರೋದಿಲ್ಲ, ಕೆಳಗೆ ನೇತಾಡುತ್ತೆ. ಮೇಲಾಗಿ ಅದು ತಿರುಗಬೇಕು. ದೊಡ್ಡ ರಿಮ್ಮಾದರೆ ತೂಕ ಅಂಚಿಗೆ ಹೋಗಿ ಎಂಜಿನ್ನಿಗೂ ಬ್ರೇಕಿಗೂ ಕೆಲಸ ಜಾಸ್ತಿ. ಆಮೇಲೆ ಹಿಡಿತ ಕೊಡುವ ರಬ್ಬರು. ಲುಕ್ಕಿನ ಮಾತು ಅಲ್ಲಿ ಕಡೆಗೆ ಬರುತ್ತೆ.

ತೆಳ್ಳನೆ ಪಕ್ಕೆಯ ಟೈರು ತಿರುವಿನಲ್ಲಿ ಕಡಿಮೆ ಬಾಗುತ್ತೆ, ಸ್ಟೀರಿಂಗ್ ಚುರುಕಾಗುತ್ತೆ, ಇಲ್ಲ ಅನ್ನೋದಿಲ್ಲ. ಆದರೆ ಅದು ತೆಗ್ಗಿಲ್ಲದ ಟ್ರ್ಯಾಕಿನ ಸುಖ. ನಮ್ಮದು ಎರೆಭೂಮಿ ಸ್ವಾಮಿ. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ, ಮೇಲಿನ ಡಾಂಬರು ಅದರ ಜೊತೆ ಕುಣಿಯುತ್ತೆ. ಅದರ ಮೇಲೆ ಸುಣ್ಣದಕಲ್ಲಿನ ಲಾರಿ, ಸಿಮೆಂಟಿನ ಲಾರಿ, ಶಹಾಬಾದಿ ಪರ್ಸಿ ಹೊತ್ತ ಟ್ರ್ಯಾಕ್ಟರು. ಸಿಮೆಂಟು ನಮ್ಮದು, ಧೂಳು ನಮ್ಮದು, ನುಣ್ಣನೆ ರಸ್ತೆ ಮಾತ್ರ ಬೇರೆಯವರದು. (ಇದರ ಬಗ್ಗೆ ಬೇರೆಯೇ ಜಗಳ ಇದೆ, ಇನ್ನೊಮ್ಮೆ.) “ರಸ್ತಿ ಸುಧಾರಿಸಲಿ, ನಾ ಯಾಕ ಗಾಲಿ ಬದಲಿಸ್ಲಿ?” ಅಂತಾನೆ. ಸುಧಾರಿಸಲಿ ಮಾರಾಯ, ನಾನೂ ಕೇಳ್ತೀನಿ. ಅಲ್ಲಿವರೆಗೆ ನಮ್ಮಕ್ಕ ಯಾವುದರ ಮೇಲೆ ಕೂತು ಚಿಂಚೋಳಿಗೆ ಹೋಗಬೇಕು?

ಗಾಳಿಯದ್ದೂ ಒಂದು ಮಾತು. ಟೈರಿನ ಬಿಸಿ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತೆ. ನಮ್ಮ ಮೇ ತಿಂಗಳ ಮಧ್ಯಾಹ್ನ ಅಳೆದು “ಹೆಚ್ಚಾಗ್ಯಾದ” ಅಂತ ಗಾಳಿ ಬಿಡೋರಿದ್ದಾರೆ. ಬೆಳಗ್ಗೆ ನೋಡಿದರೆ ಟೈರು ಸೊರಗಿರುತ್ತೆ. ತೆಳ್ಳನೆ ಟೈರಿಗೆ ಅದು ಇನ್ನೂ ಅಪಾಯ. ತಣ್ಣಗಿದ್ದಾಗಲೇ ಅಳೀರಿ.

ಹಿಡಿತ ಜಾಸ್ತಿ ಬೇಕೇ ಬೇಕು ಅಂದರೆ 15 ಇಂಚಿನಲ್ಲೇ 195/60 ಹಾಕಿಸಬಹುದಿತ್ತು. ರಿಮ್ಮು 6 ಇಂಚು ಅಗಲ ಇದ್ದರಾಯಿತು. ವ್ಯಾಸ 615, ಪಕ್ಕೆ 117 ಮಿ.ಮೀ., ಭಾರದ ನಂಬರು 88 ಇರೋದೇ ಸಿಗುತ್ತೆ. ಉಳಿದ ದುಡ್ಡಲ್ಲಿ ಒಳ್ಳೇ ಕಂಪನಿಯ ರಬ್ಬರು. ಆದರೆ ಚಿತ್ತಾಪುರದ ಬಸ್‌ಸ್ಟ್ಯಾಂಡಿನ ಮುಂದೆ ಹಾದುಹೋದರೆ ಯಾರೂ ತಿರುಗಿ ನೋಡೋಲ್ಲವಲ್ಲ, ಅದೇ ಕಷ್ಟ :-)

ಈಗ ಹಳೇ ಗಾಲಿ ವಾಪಸ್ ಬಂದಿವೆ. ಮೂರು ನೆಟ್ಟಗಿರೋ, ಒಂದು ಸೊಟ್ಟಗಿರೋ ಅಲಾಯ್ ಹಿತ್ತಲಲ್ಲಿ ತೊಗರಿಕಟ್ಟಿಗೆ ಪಕ್ಕ ಬಿದ್ದಿವೆ. ಸೊಟ್ಟದ್ದನ್ನು ಬಡಿಸಿ ನೆಟ್ಟಗೆ ಮಾಡಿಸಿ ನಾಲ್ಕನ್ನೂ ಮಾರ್ತಾನಂತೆ. ಬಡಿದು ತಿದ್ದಿದ ರಿಮ್ಮನ್ನು ಯಾರ ತಲೆಗೂ ಕಟ್ಟಬೇಡ ಅಂತ ನಿನ್ನೆ ರಾತ್ರಿ ಮತ್ತೆ ಜಗಳ ಆಯಿತು. ಅಕ್ಕ ನನ್ನ ಕಡೆ.