ಋಣ ಬೇರೆ, ಸಾಲ ಬೇರೆ

‘ದಿವಾಳಿ’ ಎಂಬ ಮಾತು ಕನ್ನಡದಲ್ಲಿ ಇಂದಿಗೂ ಬೈಗುಳಕ್ಕೆ ಹತ್ತಿರವಾಗಿದೆ. ದಿವಾಳಿ ಎದ್ದವನೆಂದರೆ ಹಣದ ಜೊತೆಗೆ ಮಾನವನ್ನೂ ಕಳೆದುಕೊಂಡವನು ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. ಕಡಲು ದಾಟಿ ಬಂದವರೊಡನೆ ಈ ಅರ್ಥವೂ ಬಂದಿದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲೂ ಕೆಲಸ ಹೋಗುತ್ತದೆ, ಕಾಯಿಲೆ ಬರುತ್ತದೆ, ದಾಂಪತ್ಯ ಮುರಿಯುತ್ತದೆ. ಕ್ರೆಡಿಟ್ ಕಾರ್ಡಿನ ಬಾಕಿ ಆಸ್ಪತ್ರೆಯ ಬಿಲ್ಲಿನೊಡನೆ ಸೇರಿ ತೀರಿಸಲಾಗದಷ್ಟು ಬೆಳೆಯುತ್ತದೆ. ಆದರೆ ಅಂಥ ಹೊತ್ತಿಗೆಂದೇ ಆ ದೇಶದ ಕಾನೂನು ರೂಪಿಸಿರುವ ದಾರಿಯ ಹೆಸರನ್ನು ಮನೆಯೊಳಗೂ ಯಾರೂ ಎತ್ತುವುದಿಲ್ಲ. ಕನ್ನಡ ಸಂಘದ ಯುಗಾದಿ ಸಮಾರಂಭದಲ್ಲಿ ಮನೆ ಕೊಂಡ ಸುದ್ದಿಯನ್ನು ಹಂಚಿಕೊಳ್ಳಬಹುದು. ಮನೆಯ ಕಂತು ಕಟ್ಟಲಾಗುತ್ತಿಲ್ಲ ಎಂಬುದನ್ನು ಹೇಳುವಂತಿಲ್ಲ.

ಕಂಪನಿಗಳಿಗೆ ಈ ಸಂಕೋಚವಿಲ್ಲ. 2002ರಲ್ಲಿ ಯುನೈಟೆಡ್ ಏರ್‌ಲೈನ್ಸ್, 2005ರಲ್ಲಿ ಡೆಲ್ಟಾ, 2009ರಲ್ಲಿ ಜನರಲ್ ಮೋಟರ್ಸ್ ದಿವಾಳಿ ನ್ಯಾಯಾಲಯದ ಮೆಟ್ಟಿಲೇರಿದವು. ಯುನೈಟೆಡ್ ಅದೇ ಪ್ರಕ್ರಿಯೆಯಲ್ಲಿ ತನ್ನ ನೌಕರರ ಪಿಂಚಣಿಯ ಹೊಣೆಯನ್ನೂ ಹೆಗಲಿನಿಂದ ಇಳಿಸಿಕೊಂಡಿತು. ಆ ಕಂಪನಿಗಳ ಆಡಳಿತಗಾರರನ್ನು ಯಾರೂ ಮಾನಗೆಟ್ಟವರೆಂದು ಕರೆಯಲಿಲ್ಲ. ಅದನ್ನು ‘ಪುನರ್ರಚನೆ’ ಎಂದು ಕರೆದರು. ಉದ್ಯಮಕ್ಕೆ ವಿವೇಕವೆನಿಸಿಕೊಳ್ಳುವ ನಡೆಯೇ ದುಡಿಯುವ ಕುಟುಂಬಕ್ಕೆ ಕಳಂಕವಾಗುವುದು ಹೇಗೆ?

ಉತ್ತರದ ಒಂದು ಭಾಗ ಭಾಷೆಯಲ್ಲೇ ಇದೆ. ಕನ್ನಡದ ನೈತಿಕ ಲೋಕದಲ್ಲಿ ‘ಋಣ’ ದೊಡ್ಡ ಮಾತು. ಅನ್ನದ ಋಣ, ಹೆತ್ತವರ ಋಣ, ಊರಿನ ಋಣ ಇವು ಹಣದಿಂದ ತೀರುವಂಥವಲ್ಲ. ತೀರಿಸಲು ಹೊರಡುವುದೇ ಅವನ್ನು ಕಡಿಮೆ ಮಾಡಿದಂತೆ. ಶೇಕಡಾ ಇಪ್ಪತ್ತು ದಾಟಿದ ಬಡ್ಡಿಗೆ ಕಾರ್ಡು ಕೊಡುವ ಬ್ಯಾಂಕಿನೊಡನೆ ಇರುವುದು ಇಂಥ ಸಂಬಂಧವಲ್ಲ. ಅದು ಒಪ್ಪಂದ. ಕೆಲವರು ಮರಳಿ ಕೊಡಲಾರರು ಎಂಬುದನ್ನು ಬ್ಯಾಂಕು ಮೊದಲೇ ಲೆಕ್ಕಹಾಕಿ, ಆ ನಷ್ಟದ ಬೆಲೆಯನ್ನು ಎಲ್ಲರ ಬಡ್ಡಿಯಲ್ಲೂ ಸೇರಿಸಿರುತ್ತದೆ. ಇಂಥ ಸಾಲವನ್ನು ಋಣದ ಭಾವದಲ್ಲಿ ಹೊತ್ತು ನರಳುವ ಮನೆ ತನ್ನ ಸದ್ಗುಣವನ್ನು ಸಲ್ಲದ ಕಡೆ ಸಲ್ಲಿಸುತ್ತಿದೆ.

ಅಮೆರಿಕದ ಸುಪ್ರೀಂ ಕೋರ್ಟು 1934ರಷ್ಟು ಹಿಂದೆಯೇ, ತನ್ನ ಮುಂದಿನ ಸಂಬಳವನ್ನು ಸಣ್ಣದೊಂದು ಸಾಲಕ್ಕೆ ಬರೆದುಕೊಟ್ಟಿದ್ದ ಕೆಲಸಗಾರನೊಬ್ಬನ ಪ್ರಕರಣದಲ್ಲಿ ಈ ಕಾನೂನಿನ ತಿರುಳನ್ನು ವಿವರಿಸಿತು. ಪ್ರಾಮಾಣಿಕನಾಗಿದ್ದೂ ದುರದೃಷ್ಟಕ್ಕೆ ಸಿಕ್ಕಿದ ಸಾಲಗಾರನಿಗೆ ಹಳೆಯ ಹೊರೆಯಿಲ್ಲದ ಹೊಸ ಅವಕಾಶ ಸಿಗಬೇಕು. ದುಡಿದು ತನ್ನನ್ನೂ ತನ್ನವರನ್ನೂ ಸಾಕುವ ಶಕ್ತಿ ವ್ಯಕ್ತಿಸ್ವಾತಂತ್ರ್ಯದ ಅಂಗ ಎಂಬುದು ಆ ತೀರ್ಪಿನ ಆಶಯ. ನಾಳೆಯ ದುಡಿಮೆಯನ್ನೆಲ್ಲ ನಿನ್ನೆಯ ಸಾಲಕ್ಕೆ ಕಟ್ಟಿಹಾಕುವ ವ್ಯವಸ್ಥೆಗೆ ಕನ್ನಡದಲ್ಲಿ ಜೀತ ಎಂಬ ಹೆಸರಿದೆ.

ಇಂದಿನ ವ್ಯವಸ್ಥೆಯಲ್ಲಿ ಮನೆಮಂದಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಆದಾಯ ಕಡಿಮೆಯಿರುವವರಿಗೆ ಚಾಪ್ಟರ್ 7: ಕಾನೂನು ರಕ್ಷಿಸಿದ ಆಸ್ತಿಯನ್ನು ಬಿಟ್ಟು ಉಳಿದದ್ದನ್ನು ಟ್ರಸ್ಟಿಗೆ ಒಪ್ಪಿಸಿದರೆ, ಸಾಮಾನ್ಯವಾಗಿ ನಾಲ್ಕೈದು ತಿಂಗಳಲ್ಲಿ ಕಾರ್ಡು ಮತ್ತು ಆಸ್ಪತ್ರೆಯ ಬಾಕಿಗಳು ರದ್ದಾಗುತ್ತವೆ. ನಿಯಮಿತ ಆದಾಯವಿದ್ದು ಮನೆ ಉಳಿಸಿಕೊಳ್ಳಬೇಕಾದವರಿಗೆ ಚಾಪ್ಟರ್ 13: ಮೂರರಿಂದ ಐದು ವರ್ಷ ಯೋಜನೆಯಂತೆ ಕಂತು ಕಟ್ಟಿದ ಮೇಲೆ ಉಳಿದ ಬಾಕಿಯ ಬಹುಪಾಲು ಮನ್ನಾ. ಅರ್ಜಿ ದಾಖಲಾದ ಕ್ಷಣದಿಂದ ವಸೂಲಿಯ ಫೋನುಗಳು, ಸಂಬಳದ ಮುಟ್ಟುಗೋಲು, ಮನೆಯ ಹರಾಜು ಸಾಮಾನ್ಯವಾಗಿ ನಿಲ್ಲುತ್ತವೆ. ಇದಕ್ಕೆ ಬೆಲೆಯೂ ಇದೆ. ಚಾಪ್ಟರ್ 7ರ ದಾಖಲೆ ಹತ್ತು ವರ್ಷ ಕ್ರೆಡಿಟ್ ವರದಿಯಲ್ಲಿ ಉಳಿಯುತ್ತದೆ. ಮಕ್ಕಳ ಜೀವನಾಂಶ, ಇತ್ತೀಚಿನ ತೆರಿಗೆ, ವಂಚನೆಯಿಂದ ಪಡೆದ ಹಣ ರದ್ದಾಗುವುದಿಲ್ಲ.

ತಿಳಿವಳಿಕೆಯ ಕೊರತೆಯಿಂದ ವಲಸಿಗ ಕುಟುಂಬಗಳು ಕಳೆದುಕೊಳ್ಳುವುದು ಬಹಳ. ನಿವೃತ್ತಿಗೆಂದು 401(ಕೆ) ಖಾತೆಯಲ್ಲಿಟ್ಟ ಹಣವನ್ನು ದಿವಾಳಿ ಕಾನೂನು ಸಾಲಗಾರರ ಪಾಲಿಗೆ ರಕ್ಷಿಸುತ್ತದೆ. ಮಾನ ಉಳಿಸಿಕೊಳ್ಳುವ ಆತುರದಲ್ಲಿ ಅದನ್ನೇ ಒಡೆದು, ತೆರಿಗೆ ಮತ್ತು ದಂಡ ತೆತ್ತು, ಕಾರ್ಡಿಗೆ ಕಟ್ಟಿದವರಿಗೆ ಕೊನೆಗೆ ಎರಡೂ ಇಲ್ಲವಾಗುತ್ತವೆ. ಹೊರಗಿನವರ ಸಾಲ ಹಾಗಿರಲಿ, ಮೊದಲು ಭಾವನ ಹಣ ಹಿಂದಿರುಗಿಸೋಣ ಎಂಬುದು ಸಹಜವಾದ ಯೋಚನೆ. ಆದರೆ ಅರ್ಜಿಗೆ ಹಿಂದಿನ ಒಂದು ವರ್ಷದಲ್ಲಿ ಬಂಧುಗಳಿಗೆ ತೀರಿಸಿದ ಸಾಲವನ್ನು ಟ್ರಸ್ಟಿ ಅವರಿಂದ ಮರಳಿ ಕೇಳಬಹುದು. ಮೈಸೂರಿನ ಸೈಟು, ಊರಿನ ಪಿತ್ರಾರ್ಜಿತ ಮನೆಯಲ್ಲಿನ ಪಾಲು ಎಲ್ಲವನ್ನೂ ಅರ್ಜಿಯಲ್ಲಿ ತೋರಿಸಲೇಬೇಕು. ಮುಚ್ಚಿಟ್ಟರೆ ಅದು ಅಪರಾಧ. ಇನ್ನು ವೀಸಾದ ಭಯ. ಅಮೆರಿಕದಲ್ಲಿ ವಾಸ, ವ್ಯವಹಾರ ಅಥವಾ ಆಸ್ತಿ ಇರುವವರು ಈ ಅರ್ಜಿ ಸಲ್ಲಿಸಬಹುದು, ಪೌರತ್ವದ ಷರತ್ತಿಲ್ಲ. ಅರ್ಜಿ ಸಲ್ಲಿಸಿದ ಒಂದೇ ಕಾರಣಕ್ಕೆ ವಾಸದ ಹಕ್ಕು ಹೋಗುವುದಿಲ್ಲ. ದಿಕ್ಕು ತೋಚದೆ ಇದ್ದದ್ದನ್ನೆಲ್ಲ ಕರಗಿಸುವ ಮೊದಲೇ ವಕೀಲರನ್ನು ಕಾಣುವುದು ಈ ಕಾರಣಕ್ಕೆ ಮುಖ್ಯ.

ಈ ಬಾಗಿಲು ಎಲ್ಲರಿಗೂ ಒಂದೇ ಅಗಲಕ್ಕೆ ತೆರೆದಿಲ್ಲ ಎಂಬುದೂ ನಿಜ. ಕ್ರೆಡಿಟ್ ಕಾರ್ಡ್ ಉದ್ಯಮದ ವರ್ಷಗಳ ಒತ್ತಡದ ನಂತರ 2005ರಲ್ಲಿ ಬಂದ ತಿದ್ದುಪಡಿ ಆದಾಯದ ಪರೀಕ್ಷೆಯನ್ನು ಹೇರಿ ಕಾಗದಪತ್ರವನ್ನೂ ಖರ್ಚನ್ನೂ ಹೆಚ್ಚಿಸಿತು. ಚಾಪ್ಟರ್ 7ರ ವಕೀಲರ ಶುಲ್ಕವನ್ನು ಸಾಮಾನ್ಯವಾಗಿ ಮುಂಗಡವಾಗಿ ಕೊಡಬೇಕಾಗಿರುವುದರಿಂದ ದಿವಾಳಿಯಾಗಲೂ ಹಣ ಕೂಡಿಡಬೇಕಾದ ವಿಚಿತ್ರ ಸ್ಥಿತಿ ಇದೆ. ವಿದ್ಯಾರ್ಥಿ ಸಾಲದ ಮೇಲಿನ ನಿರ್ಬಂಧ 1976ರಲ್ಲಿ ಐದು ವರ್ಷಕ್ಕೆ ಸೀಮಿತವಾಗಿ ಆರಂಭವಾಗಿ, 1998ರ ಹೊತ್ತಿಗೆ ಸರಕಾರಿ ಸಾಲಗಳಿಗೂ 2005ರಲ್ಲಿ ಖಾಸಗಿ ಸಾಲಗಳಿಗೂ ಕಾಲಮಿತಿಯಿಲ್ಲದ ಗೋಡೆಯಾಯಿತು. ಅಸಾಧಾರಣ ಸಂಕಷ್ಟವನ್ನು ಸಾಬೀತುಮಾಡದೆ ಅದು ರದ್ದಾಗದು. ವಾಸದ ಮನೆಯ ಗೃಹಸಾಲದ ಅಸಲನ್ನು ತಗ್ಗಿಸುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಡುವ ಪ್ರಸ್ತಾಪ 2009ರಲ್ಲಿ ಸೆನೆಟ್‌ನಲ್ಲಿ ಬಿದ್ದುಹೋಯಿತು. ಜನರಲ್ ಮೋಟರ್ಸ್ ದಿವಾಳಿಯ ರಕ್ಷಣೆ ಪಡೆದದ್ದು ಅದೇ ವರ್ಷ.

ಭಾರತದಲ್ಲಿ ಈ ಅಂತರ ಇನ್ನೂ ದೊಡ್ಡದು. 2016ರ ದಿವಾಳಿ ಸಂಹಿತೆಯಲ್ಲಿ ಬಡವರಿಗೆಂದು ‘ಹೊಸ ಆರಂಭ’ದ ಹೆಸರಿನದೇ ಒಂದು ಪ್ರಕ್ರಿಯೆಯಿದೆ: ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರದ, ಸ್ವಂತ ಮನೆಯಿಲ್ಲದವರಿಗೆ ಸಾಲಮುಕ್ತಿ. ಕಂಪನಿಗಳ ಭಾಗ ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾರಿಯಾಯಿತು. ಕಂಪನಿಸಾಲಕ್ಕೆ ಜಾಮೀನು ನಿಂತ ವ್ಯಕ್ತಿಗಳ ಭಾಗ 2019ರ ಡಿಸೆಂಬರ್‌ನಲ್ಲಿ ಬಂತು. ಸಾಮಾನ್ಯ ಕುಟುಂಬಗಳ ಭಾಗ ಕಾಗದದಲ್ಲೇ ಉಳಿಯಿತು. ಮೈಕ್ರೋಫೈನಾನ್ಸ್ ಕಿರುಕುಳ ತಾಳಲಾರದೆ ಜನ ಊರು ಬಿಟ್ಟ ಸುದ್ದಿಗಳ ನಡುವೆ ಕರ್ನಾಟಕ 2025ರಲ್ಲಿ ಬಲವಂತದ ವಸೂಲಿಯನ್ನು ಶಿಕ್ಷಾರ್ಹವಾಗಿಸಿತು. ಅದು ಅಗತ್ಯವಾದ ಹೆಜ್ಜೆ. ಆದರೆ ಮರ್ಯಾದೆಯಿಂದ ವಸೂಲಿ ಮಾಡಿದರೂ ತೀರಿಸಲಾಗದ ಸಾಲ ತೀರಿಸಲಾಗದ್ದೇ.

ಇದು ಕನ್ನಡ ನಾಡಿಗೆ ಅಪರಿಚಿತವಾದ ವಿಚಾರವಲ್ಲ. 1976ರಲ್ಲಿ ಕೇಂದ್ರದ ಜೀತಪದ್ಧತಿ ನಿರ್ಮೂಲನ ಕಾಯ್ದೆ ಜೀತದ ಸಾಲಗಳನ್ನೇ ಅಳಿಸಿಹಾಕಿತು. ಅದೇ ವರ್ಷ ದೇವರಾಜ ಅರಸು ಸರಕಾರದ ಋಣಪರಿಹಾರ ಕಾಯ್ದೆ ಸಣ್ಣ ರೈತರು, ಭೂಹೀನ ಕೂಲಿಗಳು ಮತ್ತು ದುರ್ಬಲ ವರ್ಗದವರ ಸಾಲಗಳನ್ನು ರದ್ದುಮಾಡಿತು. ಅದರಿಂದ ಬಿಡುಗಡೆ ಪಡೆದವರನ್ನು ಮಾನಗೇಡಿಗಳೆಂದು ಇಂದು ಯಾರೂ ಹೇಳಲಾರರು.

ಹೊರದೇಶದ ಕನ್ನಡ ಸಂಘಗಳು ತೆರಿಗೆಯ ಬಗ್ಗೆ, ವೀಸಾದ ಬಗ್ಗೆ, ಹೂಡಿಕೆಯ ಬಗ್ಗೆ ತಜ್ಞರನ್ನು ಕರೆಸುತ್ತವೆ. ವರ್ಷಕ್ಕೊಮ್ಮೆಯಾದರೂ ದಿವಾಳಿ ಕಾನೂನು ಬಲ್ಲ ವಕೀಲರನ್ನು ಕರೆಸಿ, ಹೆಸರು ಹೇಳದೆ ಪ್ರಶ್ನೆ ಕೇಳುವ ಏರ್ಪಾಡು ಮಾಡುವುದು ಕಷ್ಟವಲ್ಲ. ಮತದಾನದ ಹಕ್ಕುಳ್ಳವರು ವಿದ್ಯಾರ್ಥಿ ಸಾಲದ ಮತ್ತು ಗೃಹಸಾಲದ ಸುತ್ತಲಿನ ಗೋಡೆಗಳ ಬಗ್ಗೆ ತಮ್ಮ ಪ್ರತಿನಿಧಿಗಳನ್ನು ಕೇಳಬೇಕು. ಊರಿನೊಡನೆ ನಂಟುಳ್ಳವರು ‘ಹೊಸ ಆರಂಭ’ದ ಅಧ್ಯಾಯ ಜಾರಿಯಾಗಲೆಂದು ದನಿಗೂಡಿಸಬೇಕು. ಅದಕ್ಕೂ ಮೊದಲು, ಸಾಲದಲ್ಲಿ ಮುಳುಗುತ್ತಿರುವ ಮನೆಯವರು ತಮ್ಮ ಕಷ್ಟವನ್ನು ತಲೆ ತಗ್ಗಿಸದೆ ಹೇಳಿಕೊಳ್ಳುವಂಥ ವಾತಾವರಣ ಸಮುದಾಯದೊಳಗೆ ಬೆಳೆಯಬೇಕಾಗಿದೆ.